ಚಾಕಲೇಟು ಬಣ್ಣದ ಬಿಸ್ಕೀಟು

ನಮ್ಮ ಅಕ್ಕನಿಗೆ ಚಾಕಲೇಟು ಬಿಸ್ಕೀಟಿನ ಬಯಕೆ ಹುಟ್ಟಿದ್ದು ಎರಡನೇ ಮಹಾಯುದ್ಧ ನಡೆದಿದ್ದಾಗ, ಅದೂ ಕೊಪ್ಪಳದಲ್ಲಿ. ಬಸುರಿಯರಿಗೆ ಹುಣಸೆಕಾಯಿ ಬೇಕೆನಿಸುತ್ತದೆ, ಮಣ್ಣು ಬೇಕೆನಿಸುತ್ತದೆ, ಇವಳಿಗೆ ಇದು. ಮದುವೆಯಾಗಿ ಹೈದರಾಬಾದಿಗೆ ಹೋದವಳು ಅಲ್ಲಿ ಯಾವುದೋ ಅಂಗಡಿಯಲ್ಲಿ ಕೊಂಡು ತಿಂದಿದ್ದಳಂತೆ. ಬೇರೆ ಹೊತ್ತಾಗಿದ್ದರೆ ನಾನೇ ಅವಳನ್ನು ಮನಸಾರೆ ಆಡಿಕೊಳ್ಳುತ್ತಿದ್ದೆ. ಆದರೆ ಅವಳ ಮೊದಲ ಬಸುರು ನಿಂತಿರಲಿಲ್ಲ. ಈ ಸಲ ಉಂಡದ್ದೆಲ್ಲ ವಾಂತಿಯಾಗಿ ಸೊರಗಿಹೋಗಿದ್ದಳೆಂದು ನಾಲ್ಕನೇ ತಿಂಗಳಿಗೇ ತವರಿಗೆ ಕರೆತಂದಿದ್ದೆವು. ಗಂಜಿಯ ಬಟ್ಟಲು ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದಳು. ಕೂಸು ಉಳಿಯಬೇಕಾದರೆ ಅವಳ ಹೊಟ್ಟೆಗೆ ಏನಾದರೂ ಹೋಗಲೇಬೇಕಿತ್ತು.

ಅಣ್ಣ ಪೇಟೆಯೆಲ್ಲ ಸುತ್ತಿ, ಗಂಗಾವತಿಗೂ ಹೋಗಿ ಬರಿಗೈಯಲ್ಲಿ ಬಂದ. ಹೈದರಾಬಾದಿನಲ್ಲೇ ಈಗ ಸಿಗುತ್ತಿಲ್ಲವೆಂದು ಭಾವನಿಂದ ಸುದ್ದಿ ಬಂತು. ಕೈಲಾಗದವನು ಮೈ ಪರಚಿಕೊಂಡನಂತೆ, ಅಣ್ಣ ಜರ್ಮನಿಯವರನ್ನೂ ಇಂಗ್ಲಿಷರನ್ನೂ ಒಟ್ಟಿಗೇ ಬಯ್ಯುತ್ತ ಪಡಸಾಲೆಯಲ್ಲಿ ಕುಳಿತ.

"ಆ ಚಾಕಲೇಟ ಅಂದ್ರ ಏನಪಾ?" ಎಂದು ಅವ್ವ ಕೇಳಿದಳು.

ಅಣ್ಣನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. "ಅದೊಂದ ನಮೂನಿ ವಿಲಾಯತಿ ಬೆಲ್ಲ" ಎಂದ.

"ನನಗ ಗೊತ್ತೈತ್ರಿ ಅತ್ತ್ಯಾರ" ಎಂದು ವೈನಿ ಅಡುಗೆಮನೆಯಿಂದ ಹೇಳಿದಳು. ವೈನಿ ಎಂದರೆ ಅಣ್ಣನ ಹೆಂಡತಿ, ಕುಷ್ಟಗಿ ಕಡೆಯ ನೇಕಾರರ ಮಗಳು. "ಸೀರಿ ಬಣ್ಣ ಅದು. ನಮ್ಮಪ್ಪ ಭಾಳ ನೇಯ್ದಾನ."

ನಾವೆಲ್ಲ ನಕ್ಕೆವು. ವೈನಿ ನಗಲಿಲ್ಲ. ಚಾಕಲೇಟು ಎಂದರೆ ಬಣ್ಣ. ಬಿಸ್ಕೀಟಿಗೆ ಆ ಬಣ್ಣ ಬಂದು ಬಾಯಿಗೆ ಸಿಹಿಯಾದರೆ ಮುಗಿಯಿತು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಇಂಥ ಧೈರ್ಯವನ್ನು ನಾನು ಇನ್ನಾರಲ್ಲೂ ಕಂಡಿಲ್ಲ.

ನಮ್ಮ ಹೊಲದ ಬದುವಿನಲ್ಲಿ ಬನ್ನಿಮರವಿತ್ತು. ಬೇಸಿಗೆಯಲ್ಲಿ ಅದರ ಉದ್ದನೆಯ ಕಾಯಿಗಳು ಹಣ್ಣಾಗಿ, ಒಣಗಿ ಉದುರುತ್ತವೆ. ಸಿಹಿ ಇರುತ್ತವೆಂದು ದನಗಾಹಿ ಮಕ್ಕಳು ಅಗಿಯುತ್ತಾರೆ. ವೈನಿ ಅವನ್ನು ಉಡಿ ತುಂಬ ಆರಿಸಿ ತಂದಳು.

"ಆಡು ತಿನ್ನೂದನ್ನ ಬಸುರಿಗಿ ಕೊಡ್ತೀಯೇನವ್ವ?" ಎಂದಳು ಅವ್ವ.

"ಆಡಿನ ಮರಿ ಎಷ್ಟ ಗಟ್ಟಿ ಇರ್ತಾವ ನೋಡ್ರಿ ಅತ್ತ್ಯಾರ."

ಅವ್ವ ಎದ್ದು ಒಲೆ ಹೊತ್ತಿಸಿದಳು.

ವೈನಿ ಬೀಜ ತೆಗೆದು, ಕಾಯಿಯನ್ನು ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದು, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದಳು. ಆಮೇಲೆ ಪೆಟ್ಟಿಗೆಯಿಂದ ತನ್ನ ಚಾಕಲೇಟು ಬಣ್ಣದ ಸೀರೆ ತೆಗೆದು ಅಂಗಳಕ್ಕೆ ಬಂದಳು. ಬಿಸಿಲಿಗೆ ಸೀರೆಯ ಮಡಿಕೆ ಹಿಡಿದು, ಅದರ ಮೇಲೆ ಚಿಟಿಕೆ ಪುಡಿ ಇಟ್ಟು ನೋಡಿದಳು. "ಇನ್ನಾ ಮಾಸಲ ಐತಿ" ಎಂದು ಮತ್ತೆ ಹುರಿದಳು. ಅದು ಸೀದು ಕರ್ರಗಾಯಿತು. ಬೇಸರಪಡದೆ ಅದನ್ನು ಚೆಲ್ಲಿ ಹೊಸ ಕಾಯಿ ಹೆಂಚಿಗೆ ಹಾಕಿದಳು. ಕೊನೆಗೊಮ್ಮೆ ಸೀರೆಯ ಮೇಲೆ ಪುಡಿ ಎಲ್ಲಿದೆಯೆಂದೇ ನನಗೆ ಕಾಣಲಿಲ್ಲ. ಬೆರಳಿಂದ ಮುಟ್ಟಿ ನೋಡಬೇಕಾಯಿತು.

ಗೋಧಿ ಹಿಟ್ಟು, ತುಪ್ಪ, ಬೆಲ್ಲದ ಪುಡಿಯೊಂದಿಗೆ ಅದನ್ನು ಕಲಸಿ ಬಿಲ್ಲೆ ತಟ್ಟಿದಳು. ಬೋಗುಣಿಯಲ್ಲಿ ಉಸುಕು ಹಾಕಿ, ಅದರ ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸಿದಳು. ನಕ್ಕವರಲ್ಲಿ ನಾನೇ ಮೊದಲಿಗಳು. ಆ ಘಮಕ್ಕೆ ಜೊಲ್ಲು ನುಂಗುತ್ತ ಒಲೆಯ ಮುಂದೆ ನಿಂತವಳೂ ನಾನೇ.

ಅಕ್ಕ ಒಂದು ಬಿಸ್ಕೀಟು ತೆಗೆದುಕೊಂಡು ಕಡಿದಳು. ನಿಧಾನವಾಗಿ ಅಗಿದಳು.

"ಇದು ಚಾಕಲೇಟ ಅಲ್ಲ ವೈನಿ."

"ಬಣ್ಣ?"

"ಬಣ್ಣ ಅದೇ ಐತಿ" ಎಂದು ಅಕ್ಕ ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅಂದೇ ಕಂಡೆ. ನಗುತ್ತಲೇ ಉಳಿದದ್ದನ್ನೂ ತಿಂದಳು. ಇನ್ನೊಂದು ತೆಗೆದುಕೊಂಡಳು.

ಅವ್ವ ವಾಂತಿಗೆಂದು ತಗಡಿನ ಬುಟ್ಟಿ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅಕ್ಕನಿಗೆ ಹಾಗೇ ನಿದ್ದೆ ಹತ್ತಿತು. ವಾಂತಿಯಾಗಲಿಲ್ಲ. ಬಿಸಿಲು ಇಳಿದ ಮೇಲೆ ಎದ್ದು ಕೂತು, ಕೂದಲು ಹಿಂದೆ ಸರಿಸಿಕೊಂಡು, "ಯವ್ವಾ, ಹಸಿವ್ಯಾಗೇತಿ" ಎಂದಳು.

ಗಂಜಿ ತರಲು ಅವ್ವ ಏಳಲಿಲ್ಲ. ಮಗ್ಗುಲಲ್ಲಿದ್ದ ಸೊಸೆಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು.