ಸೌನಾದಲ್ಲಿ ಬೈಯಬಾರದು

ಗಂಡ ತೌನೋ ದನಿ ಎತ್ತರಿಸಿದ್ದನ್ನು ಹಿಲ್ಕಾ ಮದುವೆಯಾದ ಮೇಲೆ ಕೇಳಿರಲೇ ಇಲ್ಲ. ಆಯುಷ್ಯದ ಅರ್ಧ ಭಾಗ ಹಾಲಿನ ಟ್ಯಾಂಕರ್ ಓಡಿಸಿದ ಮನುಷ್ಯ. ಹಿಮದಲ್ಲಿ ಚಕ್ರ ಹೂತುಹೋದರೂ ಇಳಿದು, ಸಲಿಕೆ ಹಿಡಿದು, "ಹ್ಞೂಂ" ಎಂದವನು ಅಷ್ಟೆ. ಫಿನ್‌ಲೆಂಡಿನ ಆ ಸರೋವರದ ದಡದ ಊರಿನಲ್ಲಿ ಮಾತಾಡುವವನಿಗಿಂತ ಮಾತು ಉಳಿಸುವವನಿಗೇ ಮರ್ಯಾದೆ ಜಾಸ್ತಿ. ಅಂಥವರ ನಡುವೆಯೂ ತೌನೋ ಜಿಪುಣಾಗ್ರೇಸರ.

ಅವನ ತಲೆಯೊಳಗೆ ಗಡ್ಡೆಯೊಂದು ಬೆಳೆಯಿತು. ಆಪರೇಷನ್ ಮಾಡಿ ತೆಗೆದರು, ರೇಡಿಯೇಷನ್ ಕೊಟ್ಟರು. ಗಡ್ಡೆ ಹೋಯಿತು, ಫಿಟ್ಸ್ ಉಳಿಯಿತು. ಲೈಸೆನ್ಸ್ ಕಿತ್ತುಕೊಂಡು ಎರಡು ಹೊತ್ತಿನ ಮಾತ್ರೆ ಕೊಟ್ಟರು. ಮಾತ್ರೆ ಫಿಟ್ಸನ್ನೇನೋ ಕಟ್ಟಿಹಾಕಿತು, ಆದರೆ ಅದನ್ನು ನುಂಗಿದ ತೌನೋ ಬೇರೆಯವನೇ ಆಗಿಬಿಟ್ಟ.

"ಆ ಲೋಟ ಎಷ್ಟು ಸಲ ಕುಕ್ತೀಯೆ? ತಲೆ ಸಿಡಿದು ಹೋಗ್ತಿದೆ ನಂಗೆ!"

ಕೂಗಾಡಿ, ಆಮೇಲೆ ಸೌದೆ ಕೊಟ್ಟಿಗೆಗೆ ಹೋಗಿ ಅಳುತ್ತಾ ಕೂರುತ್ತಿದ್ದ. ಕೊಡಲಿಯನ್ನು ಹಿಲ್ಕಾ ಮೊದಲೇ ಬಚ್ಚಿಟ್ಟಿದ್ದಳು.

ಆಸ್ಪತ್ರೆಯ ನರ್ಸ್ ಫೋನು ಮಾಡಿ ಕೇಳಿದಳು: "ಮಾತ್ರೆ ಒಗ್ಗುತ್ತಿದೆಯಾ? ಸಿಟ್ಟುಗಿಟ್ಟು ಏನಾದ್ರೂ ಮಾಡ್ಕೋತಾರಾ? ಹೇಳಿ, ಬೇರೆ ಮಾತ್ರೆನೂ ಇದೆ."

"ಏನಿಲ್ಲಮ್ಮ, ಪರವಾಗಿಲ್ಲ," ಎಂದಳು ಹಿಲ್ಕಾ.

ಈ ಜನರ ಬಾಯಿಗೆ ಅದೇನು ಬೀಗವೋ! ಕಾಲು ಮುರಿದರೆ ಪರವಾಗಿಲ್ಲ, ಮನೆ ಹೊತ್ತಿ ಉರಿದರೆ ಸ್ವಲ್ಪ ಬೆಚ್ಚಗಿದೆ. ಗಂಡ ಬೈಯುತ್ತಾನೆಂದು ಹೇಳಿಬಿಟ್ಟರೆ ಅವನ ಮಾನ ಹರಾಜಿಗಿಟ್ಟ ಹಾಗೆ ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ.

ಬೈಗುಳವಿಲ್ಲದ ಜಾಗ ಒಂದೇ ಉಳಿದಿತ್ತು, ಶನಿವಾರ ಹಬೆಸ್ನಾನ ಮಾಡುವ ಸೌನಾ. ಒಬ್ಬನೇ ಹೋಗಕೂಡದು, ಹೆಚ್ಚು ಕಾಯಿಸಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಹಿಲ್ಕಾ ಜೊತೆಗೆ ಕೂರುತ್ತಿದ್ದಳು. ಸೌನಾದಲ್ಲಿ ಚರ್ಚಿನಲ್ಲಿರುವ ಹಾಗೆ ಇರಬೇಕು ಎಂಬುದು ಅಲ್ಲಿನ ಹಿರಿಯರ ಮಾತು. ಆ ಹಬೆಮನೆಯಲ್ಲೇ ತೌನೋನನ್ನು ಅವನ ತಾಯಿ ಹೆತ್ತಿದ್ದಳು. ಅವಳು ಸತ್ತಾಗ ಮೈ ತೊಳೆದದ್ದೂ ಅಲ್ಲೇ.

ಒಂದು ಶನಿವಾರ ಹಿಲ್ಕಾ ಹಬೆ ಏಳಲೆಂದು ಒಲೆಯ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹೆಚ್ಚಿಗೆ ಸುರಿದಳು.

"ಸಾಕು ಅಂದ್ನಲ್ಲ, ಕಿವುಡಿ! ಬೇಯಿಸಿ ಸಾಯಿಸ್ತೀಯಾ? ಎದ್ದೋಗು ಆಚೆ!"

ಕೂಗಿದವನೇ ಬಾಯಿ ಮುಚ್ಚಿಕೊಂಡ. "ಅಮ್ಮ ಹೆತ್ತ ಜಾಗ ಕಣೆ ಇದು," ಎಂದ. "ಇಲ್ಲೂ ಬೈದ್ಬಿಟ್ನಲ್ಲೇ."

"ಹೋಗ್ಲಿ ಬಿಡೋ. ಬೈದಿದ್ದು ನೀನಲ್ಲ, ಆ ಮಾತ್ರೆ."

ಸಮಾಧಾನಕ್ಕೆ ಆಡಿದ ಮಾತು. ಅದೇ ಮುಳುವಾಯಿತು.

ಆ ವಾರ ಕಳೆಯುತ್ತಾ ತೌನೋ ಮೆತ್ತಗಾದ. ಮುಂದಿನ ಶನಿವಾರ ಸೌನಾದಲ್ಲಿ ತಾನಾಗಿ ಅವಳ ಬೆನ್ನುಜ್ಜಿದ. "ನೀರು ನೀನೇ ಹಾಕು. ನಾನು ಹಾಕಿದ್ರೆ ಟ್ಯಾಂಕರ್ ಖಾಲಿ ಮಾಡ್ದಂಗಿರುತ್ತೆ," ಎಂದು ತಮಾಷೆಯನ್ನೂ ಮಾಡಿದ. ಹಿಲ್ಕಾ ನಕ್ಕಳು, ಹಬೆಯ ಮರೆಯಲ್ಲಿ ಅತ್ತಳು. ಕಳೆದುಹೋದ ಗಂಡ ಸಿಕ್ಕಿದ್ದ. ಹೇಗೆ ಸಿಕ್ಕಿದ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಅಂಗಿ ತೊಡುವಾಗ ತೌನೋ ಬಿದ್ದ. ಒಂದು ಫಿಟ್ಸ್ ಮುಗಿಯುವ ಮೊದಲೇ ಇನ್ನೊಂದು ಬಂತು. ಆಂಬುಲೆನ್ಸ್ ದೂರದ ಪೇಟೆಯಿಂದ ಬರಬೇಕಿತ್ತು. ಅವನಿಗೆ ಹೊದಿಸಲೆಂದು ಸೌದೆ ಕೊಟ್ಟಿಗೆಯಲ್ಲಿದ್ದ ಅವನದೇ ಕೋಟನ್ನು ಎಳೆದು ತಂದಾಗ ಜೇಬಿನಿಂದ ಮಾತ್ರೆಗಳು ಉದುರಿದವು. ವಾರವೆಲ್ಲ ನುಂಗಿದಂತೆ ನಟಿಸಿ ಕೂಡಿಟ್ಟವು.

ಆಸ್ಪತ್ರೆಯಲ್ಲಿ ಹಿಲ್ಕಾ ಎಲ್ಲವನ್ನೂ ಹೇಳಿದಳು. ಲೋಟದ್ದು, ಕೊಡಲಿಯದ್ದು, ಕಿವುಡಿ ಎಂದದ್ದು. ನರ್ಸ್ ಅವಳ ಕೈ ಹಿಡಿದುಕೊಂಡಳು. "ಅವತ್ತೇ ಒಂದು ಮಾತು ಹೇಳಬಾರದಿತ್ತಾ, ಹಿಲ್ಕಾ?"

ಈಗ ಮಾತ್ರೆ ಬೇರೆ. ಸಿಟ್ಟಿಲ್ಲ, ಫಿಟ್ಸೂ ಇಲ್ಲ. ಮಾತೂ ಇಲ್ಲ. ಫಿಟ್ಸಿನ ಹೊಡೆತಕ್ಕೆ ಆ ದಿನ ಹೋದ ಮಾತು ಮರಳುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಹಿಲ್ಕಾ ಎಂಬ ಹೆಸರೂ ಅವನ ಬಾಯಿಗೆ ಬರುವುದಿಲ್ಲ.

ಮೊನ್ನೆ ಶನಿವಾರ ಅವನನ್ನು ಕೆಳಗಿನ ಹಲಗೆಯ ಮೇಲೆ ಕೂರಿಸಿ, ತೋಳು ಹಿಡಿದುಕೊಂಡು, ಹಿಲ್ಕಾ ಕಲ್ಲಿಗೆ ಒಂದು ಸೌಟು ನೀರು ಹಾಕಿದಳು. ತಡೆದು, ಇನ್ನೊಂದು ಹಾಕಿದಳು. ಹಬೆ ಕಿವಿ ಚುರುಗುಟ್ಟಿಸಿತು.

"ಬೈಯೋ ತೌನೋ," ಎಂದಳು. "ಕಿವುಡಿ ಅನ್ನು. ಒಂದೇ ಒಂದ್ಸಲ ಅನ್ನೋ."

ತೌನೋ ಅವಳ ಮುಖ ನೋಡಿದ. ಆಮೇಲೆ ಚರ್ಚಿನಲ್ಲಿ ಕೂತವನ ಹಾಗೆ ತಲೆ ತಗ್ಗಿಸಿ, ಬಿಸಿಯನ್ನು ಸುಮ್ಮನೆ ಸಹಿಸಿಕೊಂಡ. ಹಿಲ್ಕಾ ಎದ್ದು ಬಾಗಿಲು ತೆರೆದಳು.