ಪಾರ್ಮಾ ಸಂತೆಯ ಟೊಳ್ಳು ಸದ್ದು

ಇಟಲಿಯ ಪಾರ್ಮಾ ಸಂತೆಯಲ್ಲಿ ಹೆಂಡತಿ, ಮಗಳು ಅಂಜೂರ ಮೆಲ್ಲುತ್ತಿದ್ದರೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಿಪಟೂರಿನ ಮನೆಯ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ವರ್ಷದಿಂದ ಒಣಗುತ್ತಿರುವ ಕಾಯಿಗಳದ್ದೇ ಯೋಚನೆ. ಅಂಗಡಿಯವನೊಬ್ಬ ಗಾಡಿಚಕ್ರದಂಥ ಚೀಸುಗಳನ್ನು ಒಂದೊಂದಾಗಿ ಪುಟ್ಟ ಸುತ್ತಿಗೆಯಿಂದ ಬಡಿದು ಸದ್ದಿಗೆ ಕಿವಿಗೊಡುತ್ತಿದ್ದ. ನಾವೂ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತೇವಲ್ಲ, ಚಿಪ್ಪು ಬಿಟ್ಟ ಕೊಬ್ಬರಿ ಗಡಗಡ ಎಂದರೆ ಆಯಿತು, ಒಡೆಯಬಹುದು! ಸುತ್ತಿಗೆ ಇಸಿದುಕೊಂಡು ನಾನೂ ಬಡಿದೆ. ಮೂರನೆಯದು ಟೊಳ್ಳಾಗಿ ಸದ್ದು ಮಾಡಿತು.

"ಇದೇ ಕೊಡಪ್ಪ, ಒಳಗೆ ಚೆನ್ನಾಗಿ ಬಿಟ್ಕೊಂಡೈತೆ," ಎಂದೆ.

ಅವನು ನಕ್ಕು, ತನ್ನ ಭಾಷೆಯಲ್ಲಿ ಏನೋ ಹೇಳಿ ಅದನ್ನು ಬದಿಗೆ ತಳ್ಳಿದ. "ಟೊಳ್ಳು ಸದ್ದು ಬಂದ್ರೆ ಚೀಸು ಕೆಟ್ಟೈತಂತೆ ಕಣಪ್ಪ," ಎಂದಳು ಮಗಳು.

ಹೆಂಡತಿ ಒಳ್ಳೆಯ ಚೂರೊಂದನ್ನು ಕೈಗಿಟ್ಟಳು. "ಸುಮ್ಕೆ ತಿನ್ರೀ."

ರುಚಿಯಾಗಿತ್ತು. ಅಗಿಯುತ್ತಲೇ ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. "ಅಟ್ಟ ಹತ್ಲಾ. ಫೋನ್ ಹತ್ರ ಹಿಡ್ದು ಒಂದು ಕಾಯಿ ಅಲ್ಲಾಡ್ಸು."