ನಾಲ್ಕೂವರೆ ಸೆಕೆಂಡಿನ ಸಂಶಯ

ಮಧ್ಯಾಹ್ನ ಒಂದರಿಂದ ಒಂದು ನಲವತ್ತರವರೆಗೆ ನಮ್ಮ ಮನೆಯ ಫೋನ್ ರಿಂಗಾಗುವುದಿಲ್ಲ. ಅದು ನಾನು ಮಲಗುವ ಹೊತ್ತು ಎಂಬುದು ಬಂಧುಗಳಿಗೆ ಗೊತ್ತು, ಸ್ನೇಹಿತರಿಗೆ ಗೊತ್ತು, ವಾರ ವಾರ ಇದನ್ನು ಓದುವ ನಿಮಗೂ ಗೊತ್ತು. ಕಳೆದ ಭಾನುವಾರ ಒಂದು ಹತ್ತಕ್ಕೆ ರಿಂಗಾಯಿತು.

"ಸ್ಪರ್ಧೆಯ ನಿಯಮ ಬರೆದವರು ನೀವಾ ಸಾರ್?" ಹೆಣ್ಣುದನಿ.

"ಹೌದು. ದೂರುಗಳಿಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು."

"ಗೊತ್ತುಂಟು. ಒಂಬತ್ತರಿಂದ ಹನ್ನೆರಡರವರೆಗೆ ನಾನು ಅಳುತ್ತಿದ್ದೆ. ಈಗ ಪುರುಸೊತ್ತಾಯಿತು."

ನಿದ್ದೆ ಹಾರಿಹೋಯಿತು.

ಯಾವ ಸ್ಪರ್ಧೆ ಎಂದು ಹೇಳಬೇಕು. ನನ್ನ ಸೊಸೆ ಸುಪ್ರಿಯಾ ಮಣಿಪಾಲದಲ್ಲಿ ಎಂಟು ಕಂಪ್ಯೂಟರುಗಳ ಸೈಬರ್ ಕೆಫೆ ನಡೆಸುತ್ತಾಳೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಇ-ಮೇಲ್ ನೋಡಲು ಬರುತ್ತಾರೆ, ಇನ್ನರ್ಧ ಜನ ಕಾರ್ ರೇಸಿನ ಆಟ ಆಡಲು. ಅವಳಿಗೊಂದು ಯೋಚನೆ ಬಂತು. ಇಂಟರ್ನೆಟ್ಟಿನಲ್ಲೇ ಒಂದು ಟೈಮ್ ಟ್ರಯಲ್ ಸ್ಪರ್ಧೆ ನಡೆಸಿದರೆ ಹೇಗೆ? ಅಂದರೆ ಯಾರೂ ಯಾರ ಪಕ್ಕದಲ್ಲೂ ಓಡಿಸಬೇಕಾಗಿಲ್ಲ. ಎಲ್ಲರಿಗೂ ಒಂದೇ ಟ್ರ್ಯಾಕ್, ಒಂದೇ ಕಾರು, ಒಂದೇ ಸುತ್ತು. ತಮ್ಮ ತಮ್ಮ ಊರಿನಲ್ಲಿ ಕೂತು ಓಡಿಸುವುದು. ಆ ಓಟವನ್ನು ಆಟವೇ ಒಂದು ಫೈಲಿನಲ್ಲಿ ಉಳಿಸಿಕೊಡುತ್ತದೆ. ಅದನ್ನು ಕಳಿಸಿದರೆ ನಾವು ಇಲ್ಲಿ ಪುನಃ ಓಡಿಸಿ ನೋಡಬಹುದು. ಎರಡು ವಾರದಲ್ಲಿ ಯಾರ ಸಮಯ ಅತ್ಯಂತ ಕಡಿಮೆಯೋ ಅವರು ಗೆದ್ದರು. ಪಟ್ಟಿಯನ್ನು ದಿನಾ ಇಂಟರ್ನೆಟ್ಟಿನ ಒಂದು ಫೋರಂನಲ್ಲಿ ಹಾಕುವುದು, ಯಾರು ಬೇಕಾದರೂ ಓದಬಹುದು, ಕೆಳಗೆ ಬರೆಯಬಹುದು.

"ಮಾವ, ನಿಯಮ ನೀವೇ ಮಾಡಿ. ಟೈಮಿನ ವಿಷಯದಲ್ಲಿ ನಿಮ್ಮಷ್ಟು ಅನುಭವ ಯಾರಿಗುಂಟು?" ಎಂದಳು.

ಹೌದು, ನಾನು ಮೂವತ್ತೊಂದು ವರ್ಷ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ಖಾಸಗಿ ಬಸ್ಸುಗಳು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂದವು, ಹೊರಟವು ಎಂದು ಬರೆದುಕೊಂಡು ಸೀಟಿ ಊದುವ ಕೆಲಸ. ನಿವೃತ್ತನಾಗಿ ನಾಲ್ಕು ವರ್ಷವಾದರೂ ಕೈ ತುರಿಸುತ್ತಿತ್ತು. ಒಂದೇ ಸಂಜೆಯಲ್ಲಿ ಹನ್ನೊಂದು ನಿಯಮ ಬರೆದೆ.

ಮೂರನೆಯದು: ಸ್ಪರ್ಧಿಗಳು ಅಡ್ಡಹೆಸರು ಬಳಸಬಾರದು, ಪೂರ್ಣ ಹೆಸರು ಮತ್ತು ಊರು ಕಡ್ಡಾಯ. ಎಂಟನೆಯದು: ಅಲ್ಲಿಯವರೆಗಿನ ಉತ್ತಮ ಸಮಯಕ್ಕಿಂತ ಮೂರು ಸೆಕೆಂಡಿಗೂ ಹೆಚ್ಚು ಬೇಗ ಮುಗಿಸಿದ ಓಟವನ್ನು ತಡೆಹಿಡಿಯಲಾಗುವುದು.

ಎಂಟನೆಯದನ್ನು ಓದಿ ಸುಪ್ರಿಯಾ ತಲೆ ಎತ್ತಿದಳು. "ಮಾವ, ಇದು ರೇಸ್. ಬೇಗ ಬರುವುದೇ ಉದ್ದೇಶ ಅಲ್ವಾ?"

"ಬೇಗ ಬರಲಿ. ವಿಪರೀತ ಬೇಗ ಬರಬಾರದು."

ನೀವು ನಗಬಹುದು. ಆದರೆ ನಮ್ಮ ಕೆಲಸದಲ್ಲಿ ತಡವಾಗಿ ಬಂದ ಬಸ್ಸು ಸಣ್ಣ ತಪ್ಪಿತಸ್ಥ. ದೊಡ್ಡ ತಪ್ಪಿತಸ್ಥ ಮುಂಚೆ ಬಂದ ಬಸ್ಸು. ನಾಲ್ಕು ನಿಮಿಷ ಮುಂಚೆ ಬಂದವನು ಮುಂದಿನ ಬಸ್ಸಿನ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಅವನು ಎಲ್ಲೋ ಸ್ಟಾಪ್ ತಪ್ಪಿಸಿರುತ್ತಾನೆ, ಎಲ್ಲೋ ಯಾರನ್ನೋ ರಸ್ತೆಯಿಂದ ಕೆಳಗೆ ಇಳಿಸಿರುತ್ತಾನೆ. ಮೂವತ್ತೊಂದು ವರ್ಷವೂ, ಮುಂಚೆ ಬಂದವನ ಹೆಸರಿನ ಮುಂದೆ ನಾನು ಒಂದೇ ಶಬ್ದ ಬರೆದದ್ದು: ಸಂಶಯಾಸ್ಪದ.

ಸ್ಪರ್ಧೆ ಶುರುವಾಯಿತು. ಉಡುಪಿ, ಕಲ್ಯಾಣಪುರ, ಬಹರೈನ್, ದುಬೈ, ಒಟ್ಟು ಇಪ್ಪತ್ತಮೂರು ಮಂದಿ. ಹತ್ತು ದಿನ ಕಾಪುವಿನ ಒಬ್ಬ ಮಹಾಶಯರು ಒಂದು ನಿಮಿಷ ಐವತ್ತೆರಡು ಸೆಕೆಂಡಿನಲ್ಲಿ ಮೊದಲ ಸ್ಥಾನದಲ್ಲಿ ಕೂತಿದ್ದರು. ಶುಕ್ರವಾರ ಸಂಜೆ ಕಾರ್ಕಳದಿಂದ ಪ್ರಮೀಳಾ ಎಂಬವರ ಫೈಲ್ ಬಂತು. ಒಂದು ನಿಮಿಷ ನಲವತ್ತೇಳೂವರೆ. ನಾಲ್ಕೂವರೆ ಸೆಕೆಂಡು ಮುಂಚೆ!

ಕೆಫೆಯಲ್ಲಿ ಕೂತು ಆ ಓಟವನ್ನು ಆರು ಸಲ ನೋಡಿದೆ. (ಸ್ಪೀಕರ್ ಇಲ್ಲದೆ. ಇ-ಮೇಲ್ ನೋಡುವ ಗಿರಾಕಿಗಳಿಗೆ ತೊಂದರೆ ಎಂದು ಸುಪ್ರಿಯಾ ಎಲ್ಲ ಸ್ಪೀಕರುಗಳನ್ನೂ ತೆಗೆದಿಟ್ಟಿದ್ದಾಳೆ.) ಕಾರು ಅಡ್ಡದಾರಿ ಹಿಡಿದಿರಲಿಲ್ಲ. ಗೋಡೆ ಹಾರಿರಲಿಲ್ಲ. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ತಪ್ಪಿಲ್ಲ ಎಂದು ತಾನೇ ಅರ್ಥ? ನನಗೆ ಹಾಗನಿಸಲಿಲ್ಲ. ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಎನಿಸಿತು. ಪಟ್ಟಿಯಲ್ಲಿ ಹೆಸರು, ಊರು, ಅದರ ಮುಂದೆ 'ತಡೆಹಿಡಿಯಲಾಗಿದೆ, ಸಂಶಯಾಸ್ಪದ' ಎಂದು ಕೆಂಪಕ್ಷರದಲ್ಲಿ ಹಾಕಿಸಿ ಆರೂವರೆಯ ಬಸ್ಸಿಗೆ ಮನೆಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ನಾನು ಬರೆದದ್ದನ್ನು ಓದುತ್ತಿದ್ದವರು ಹತ್ತು ಕಂಡಕ್ಟರುಗಳು, ನಾಲ್ಕು ಮಾಲೀಕರು. ಇದನ್ನು ಯಾರೆಲ್ಲ ಓದಿದರು ಎಂಬುದು ನನಗೆ ಭಾನುವಾರ ಒಂದು ಹತ್ತಕ್ಕೆ ಫೋನಿನಲ್ಲಿ ತಿಳಿಯಿತು.

ಪ್ರಮೀಳಾ ಕಾರ್ಕಳದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುವವರು. ನನ್ನ ಕೆಂಪಕ್ಷರದ ಕೆಳಗೆ ಎರಡು ದಿನದಲ್ಲಿ ನಲವತ್ತು ಮಂದಿ ಬರೆದಿದ್ದರು. ಕಳ್ಳಿ ಎಂದವರಿದ್ದರು. ಅದಕ್ಕಿಂತ ಕೆಟ್ಟದ್ದು ಬರೆದವರೂ ಇದ್ದರು. ಬರೆದವರಿಗೆಲ್ಲ ಅಡ್ಡಹೆಸರು. (ನನ್ನ ಮೂರನೆಯ ನಿಯಮ ಸ್ಪರ್ಧಿಗಳಿಗೆ ಮಾತ್ರ, ನೋಡುವವರಿಗಲ್ಲ!) ಪೂರ್ಣ ಹೆಸರು, ಊರು ಇದ್ದದ್ದು ಅವರೊಬ್ಬರದೇ. ಅವರ ವಿದ್ಯಾರ್ಥಿಗಳು ಓದಿದರು. ಒಬ್ಬಳ ತಂದೆ ಅದನ್ನು ಪ್ರಿಂಟ್ ತೆಗೆದು ಕೇಂದ್ರದ ಮಾಲೀಕರ ಮೇಜಿನ ಮೇಲಿಟ್ಟರು.

"ಕಂಪ್ಯೂಟರಿನಲ್ಲಿ ಮೋಸ ಮಾಡುವವರ ಹತ್ತಿರ ಮಕ್ಕಳು ಎಂತ ಕಲಿಯುವುದು ಅಂತ ಕೇಳಿದರಂತೆ. ಮೊದಲು ಹೆಸರು ಸರಿ ಮಾಡಿಕೊಳ್ಳಿ, ಆಮೇಲೆ ಕ್ಲಾಸಿಗೆ ಬನ್ನಿ ಅಂದಿದ್ದಾರೆ ಮಾಲೀಕರು. ನಾಳೆ ಒಂಬತ್ತಕ್ಕೆ ನನ್ನ ಬ್ಯಾಚ್ ಉಂಟು ಸಾರ್. ಇವತ್ತು ಆರು ಗಂಟೆಗೆ ನಿಮ್ಮ ಕೊನೆಯ ಪಟ್ಟಿ. ಆರರ ನಂತರ ಬದಲಾವಣೆ ಇಲ್ಲ ಅಂತ ನೀವೇ ಬರೆದಿದ್ದೀರಿ."

ಬರೆದಿದ್ದೆ. ಹನ್ನೊಂದನೆಯ ನಿಯಮ.

"ನನ್ನ ಎದುರು ಇನ್ನೊಮ್ಮೆ ಓಡಿಸಿ ತೋರಿಸುತ್ತೀರಾ?" ಎಂದೆ.

"ಬನ್ನಿ. ವಾಚ್ ಕೂಡ ತನ್ನಿ."

ಒಂದು ಐವತ್ತೈದರ ಎಕ್ಸ್‌ಪ್ರೆಸ್ ಹಿಡಿದೆ. ಪರ್ಕಳ ದಾಟಿತು, ಹಿರಿಯಡ್ಕ ದಾಟಿತು. ಬೈಲೂರಿನ ನಂತರ ಮುಂದೆ ಒಂದು ಕಲ್ಲಿನ ಲಾರಿ. ಗ್ರಾನೈಟ್ ಹೇರಿಕೊಂಡು ಆನೆ ನಡೆದ ಹಾಗೆ ನಡೆಯುತ್ತಿತ್ತು. ತಿರುವಿನ ಮೇಲೆ ತಿರುವು, ಓವರ್‌ಟೇಕ್ ಮಾಡುವ ಹಾಗಿಲ್ಲ. ನಾನು ವಾಚ್ ನೋಡಿದೆ, ರಸ್ತೆ ನೋಡಿದೆ, ಪುನಃ ವಾಚ್ ನೋಡಿದೆ.

ಕಂಡಕ್ಟರ್ ಹಳೆಯವ. ಪಕ್ಕದ ಕಂಬಿ ಹಿಡಿದು ಬಗ್ಗಿದ. "ಸಾರ್, ಇವತ್ತು ನಾವು ಹನ್ನೆರಡು ನಿಮಿಷ ಲೇಟ್. ಬರೆದುಕೊಳ್ಳುವುದಿಲ್ವಾ?"

"ಸ್ವಲ್ಪ ಬೇಗ ಬಿಡಲು ಹೇಳು ಮಾರಾಯ."

ಅವನು ಡ್ರೈವರಿನ ಕಡೆ ತಿರುಗಿ ಕೂಗಿದ: "ಕೇಳಿತಾ? ಬೇಗ ಬಿಡಬೇಕಂತೆ! ಯಾರು ಹೇಳುವುದು ನೋಡು!" ಇಡೀ ಬಸ್ಸು ನನ್ನನ್ನು ತಿರುಗಿ ನೋಡಿತು.

ಕಾರ್ಕಳ ತಲುಪುವಾಗ ಮೂರೂಕಾಲು. ಕೇಂದ್ರ ಇರುವುದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಔಷಧದ ಅಂಗಡಿಯ ಮಹಡಿಯಲ್ಲಿ. ಪ್ರಮೀಳಾ ಬಾಗಿಲಲ್ಲೇ ನಿಂತಿದ್ದರು. ಮೂವತ್ತರ ಆಸುಪಾಸು, ದಪ್ಪ ಕನ್ನಡಕ, ಕಣ್ಣು ಊದಿಕೊಂಡಿತ್ತು. ಕುಡಿಯಲು ನೀರು ಕೊಟ್ಟರು. ಕಂಪ್ಯೂಟರ್ ಮೊದಲೇ ಆನ್ ಮಾಡಿಟ್ಟಿದ್ದರು.

ನಾನು ಸ್ಟಾಪ್‌ವಾಚ್ ತೆಗೆದೆ.

"ಟೈಮ್ ಪರದೆಯಲ್ಲೇ ಬರುತ್ತದೆ ಸಾರ್."

"ಬರಲಿ. ನನ್ನದೂ ಇರಲಿ."

ಮೊದಲನೆಯ ಸುತ್ತು: ಎರಡನೆಯ ತಿರುವಿನಲ್ಲೇ ಗೋಡೆಗೆ ಹೊಡೆಯಿತು. ಎರಡನೆಯದು: ಒಂದು ಐವತ್ತೈದು. ಮೂರನೆಯದು: ಒಂದು ಐವತ್ತಮೂರು. ನಾಲ್ಕನೆಯದರಲ್ಲಿ ಕಾರು ಅಡಿಮೇಲಾಯಿತು. ಕೀಬೋರ್ಡಿನ ಮೇಲೆ ಅವರ ಬೆರಳು ಒಂದರ ಬದಲು ಪಕ್ಕದ ಕೀ ಒತ್ತುವುದು ನನಗೆ ಕಾಣುತ್ತಿತ್ತು. ಹಾಗಾದರೆ ಶುಕ್ರವಾರದ್ದು ಸುಳ್ಳೇ? ಅಥವಾ ಇವತ್ತಿನದ್ದೇ ಸುಳ್ಳೇ?

ಕಳೆದ ವರ್ಷ ಬ್ಯಾಂಕಿನಲ್ಲಿ ನನ್ನ ಸಹಿ ಹೊಂದುವುದಿಲ್ಲ ಎಂದರು. ಎದುರಿನಲ್ಲೇ ಹಾಕಿ ಎಂದರು. ನಲವತ್ತು ವರ್ಷದಿಂದ ಹಾಕಿದ ಸಹಿ. ಗುಮಾಸ್ತರು ಕಣ್ಣಿಟ್ಟು ನೋಡುತ್ತಾ ನಿಂತರು, ನನ್ನ ಪೆನ್ನು ಅಕ್ಷರದ ಮಧ್ಯದಲ್ಲಿ ನಿಂತಿತು. ಮೂರು ಸಲ ಹಾಕಿದೆ, ಮೂರೂ ಬೇರೆ ಬೇರೆ. ನಾನು ನಾನೇ ಎಂದು ತೋರಿಸಲು ನನ್ನಿಂದಾಗಲಿಲ್ಲ. ನೀವೇ ಹೇಳಿ, ಅನುಮಾನದಿಂದ ನೋಡುವವನ ಎದುರು ಯಾರ ಕೈ ನೆಟ್ಟಗೆ ನಿಲ್ಲುತ್ತದೆ?

"ಸಾರ್, ಸ್ವಲ್ಪ ಆಚೆ ಹೋಗಬಹುದಾ? ನಿಮ್ಮ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತದೆ."

ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತೆ. ನಾಲ್ಕು ಗಂಟೆ ಹತ್ತು ನಿಮಿಷ. ಅವರು ಐದನೆಯ ಸುತ್ತು ಶುರು ಮಾಡಿದರು. ನನಗೀಗ ಪರದೆ ಕಾಣುವುದಿಲ್ಲ. ಕಂಪ್ಯೂಟರಿನ ಎರಡು ಸ್ಪೀಕರುಗಳಿಂದ ಇಂಜಿನ್ನಿನ ಸದ್ದು ಮಾತ್ರ.

ಬಸ್‌ಸ್ಟ್ಯಾಂಡಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರೂ ಏರು ಹತ್ತಿ ಬರುವ ಬಸ್ಸು ಯಾರ ಕೈಯಲ್ಲಿದೆ ಎಂದು ನಾನು ಹೇಳುತ್ತಿದ್ದೆ. ಗೇರ್ ಹಾಕುವ ರೀತಿಯಲ್ಲಿ ತಿಳಿಯುತ್ತದೆ. ಒಬ್ಬ ಇಂಜಿನ್ ಅಳುವವರೆಗೆ ಎಳೆಯುತ್ತಾನೆ. ಇನ್ನೊಬ್ಬ ಅದು ಕೇಳುವ ಮೊದಲೇ ಗೇರ್ ಕೊಡುತ್ತಾನೆ. ಈಗ ಕೇಳಿದ್ದು ಎರಡನೆಯವನ ಕೈ. ತಿರುವಿಗೆ ಮುಂಚೆ ಒಂದು ಗೇರ್ ಕೆಳಗೆ, ಬ್ರೇಕಿನ ಕಿರುಚಾಟ ಇಲ್ಲ, ತಿರುವು ಮುಗಿಯುವಷ್ಟರಲ್ಲಿ ಪುನಃ ಮೇಲೆ.

ತಿರುಗಿದೆ. "ನೀವು ಗೇರ್ ಹಾಕ್ತೀರಾ?"

"ಹೌದು. ಅದಕ್ಕೆ ಎರಡು ಕೀ ಉಂಟು. ಹೆಲ್ಪ್ ಪುಟದಲ್ಲಿ ಬರೆದಿದ್ದಾರೆ." ಅವರು ಕನ್ನಡಕ ಸರಿಮಾಡಿಕೊಂಡರು. "ಯಾಕೆ, ಬೇರೆಯವರು ಹಾಕುವುದಿಲ್ವಾ?"

ಕಾಪುವಿನವರ ಫೈಲನ್ನು ಫೋರಂನಿಂದ ಇಳಿಸಿ ಸದ್ದಿನೊಂದಿಗೆ ಕೇಳಿದೆವು. ಗೇರ್ ತಾನಾಗಿಯೇ ಬೀಳುತ್ತಿತ್ತು, ಅದೂ ತಡವಾಗಿ. ಮೂರನೆಯ ಸ್ಥಾನದವರದ್ದು, ನಾಲ್ಕನೆಯವರದ್ದು, ಎಲ್ಲ ಹಾಗೆಯೇ. ಆಟ ಹಾಕಿಕೊಟ್ಟ ಹಾಗೆ ಎಲ್ಲರೂ ಓಡಿಸಿದ್ದರು. ಹೆಲ್ಪ್ ಪುಟ ಓದಿದವರು ಒಬ್ಬರೇ. ಓದಿದ್ದಕ್ಕೆ ಕಳ್ಳಿ ಅನಿಸಿಕೊಂಡಿದ್ದರು. ಕೊನೆಗೆ ಶುಕ್ರವಾರದ ಅವರದೇ ಫೈಲ್ ಹಾಕಿದೆವು. ಅದೇ ಕೈ. ಸಂಶಯವೇ ಇಲ್ಲ.

ಆ ಮಧ್ಯಾಹ್ನ ಅವರಿಗೆ ನಲವತ್ತೇಳೂವರೆ ಬರಲಿಲ್ಲ. ಏಳನೆಯ ಸುತ್ತಿನಲ್ಲಿ ನಲವತ್ತೊಂಬತ್ತು ಬಂತು. ನನಗೆ ಸಾಕಾಗಿತ್ತು.

ಐದು ಹತ್ತು. ಕೆಳಗಿನ ಬೂತಿನಿಂದ ಕೆಫೆಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಕೆಫೆಯಲ್ಲಿ ಇರುವುದು ಒಂದೇ ಲೈನ್, ಅದರಲ್ಲೇ ಇಂಟರ್ನೆಟ್. ಎಂಟು ಜನ ಇಂಟರ್ನೆಟ್ ನೋಡುತ್ತಿರುವಾಗ ಒಬ್ಬನ ಫೋನ್ ಹೇಗೆ ಹೋಗುತ್ತದೆ? ಹನ್ನೊಂದು ಸಲ ಪ್ರಯತ್ನಿಸಿ ಮೇಲೆ ಓಡಿದೆ. (ಅರವತ್ತೆರಡರ ವಯಸ್ಸಿನಲ್ಲಿ, ಎರಡೆರಡು ಮೆಟ್ಟಿಲು.)

"ಇಲ್ಲಿಂದಲೇ ಫೋರಂನಲ್ಲಿ ಬರೆದರಾಯಿತಲ್ಲ ಸಾರ್? ಸುಪ್ರಿಯಾ ಮೇಡಂ ಪಟ್ಟಿ ಹಾಕುವ ಮೊದಲು ಅದನ್ನು ನೋಡಿಯೇ ನೋಡುತ್ತಾರೆ. ಹೇಳಿ, ನಾನು ಟೈಪ್ ಮಾಡ್ತೇನೆ. ಎರಡು ನಿಮಿಷ."

"ಆರೋಪಿ ತನ್ನ ತೀರ್ಪನ್ನು ತಾನೇ ಟೈಪ್ ಮಾಡಬಾರದು."

ಅವರು ಕುರ್ಚಿ ಬಿಟ್ಟು ಎದ್ದರು. "ಸರಿ. ನೀವೇ ಮಾಡಿ. ನಾನು ಗಡಿಯಾರ ನೋಡ್ತೇನೆ."

ನಾನು ಒಂದು ಬೆರಳಿನಲ್ಲಿ ಟೈಪ್ ಮಾಡುವವನು. ಅದೂ ಇಂಗ್ಲಿಷಿನಲ್ಲಿ. ಕಾರ್ಕಳದ ಓಟ ನ್ಯಾಯವಾದದ್ದು, ಗೇರನ್ನು ಕೈಯಿಂದ ಹಾಕಲಾಗಿದೆ, ಅದಕ್ಕೆ ನಿಯಮದಲ್ಲಿ ತಡೆಯಿಲ್ಲ, ಸಂಶಯಾಸ್ಪದ ಎಂದು ಬರೆದದ್ದು ನನ್ನ ತಪ್ಪು. ಇಷ್ಟೇ ವಿಷಯ. ಅಕ್ಷರ ಹುಡುಕಿ ಹುಡುಕಿ ಒತ್ತಿದೆ.

"ಐದೂವರೆ ಸಾರ್."

ಕನೆಕ್ಷನ್ ಹೋಯಿತು. ಮೋಡೆಮ್ ಕೀಚ್ ಕೀಚ್ ಎಂದು ಪುನಃ ಡಯಲ್ ಮಾಡಿತು. ಬರೆದದ್ದು ಮಾಯ. ಮೊದಲಿನಿಂದ.

"ಐದು ನಲವತ್ತೆಂಟು. ಸಾರ್, ಸ್ಪೆಲ್ಲಿಂಗ್ ಇರಲಿ, ಕಳಿಸಿ."

"ಇರಲಿ ಅಂದರೆ ಹೇಗೆ?"

"ಅಯ್ಯೋ, ಕಳಿಸಿ ಸಾರ್!"

ಐದು ಐವತ್ತೇಳಕ್ಕೆ ಹೋಯಿತು. ಸ್ಪೆಲ್ಲಿಂಗ್ ತಪ್ಪಿನೊಂದಿಗೆ. ಆಮೇಲೆ ನಾವಿಬ್ಬರೂ ಪರದೆಯ ಎದುರು ಕಾದು ಕೂತೆವು. ಆ ಮೂರು ನಿಮಿಷದಷ್ಟು ಉದ್ದದ ಮೂರು ನಿಮಿಷ ನಾನು ಬಸ್‌ಸ್ಟ್ಯಾಂಡಿನಲ್ಲಿ ಅಳೆದದ್ದಿಲ್ಲ. ಸುಪ್ರಿಯಾ ನೋಡದಿದ್ದರೆ? ಗಿರಾಕಿಗಳ ಜೊತೆ ಮಾತಾಡುತ್ತಿದ್ದರೆ? ಆರು ಗಂಟೆ ಒಂದು ನಿಮಿಷಕ್ಕೆ ಕೊನೆಯ ಪಟ್ಟಿ ಬಂತು. ಮೊದಲ ಹೆಸರು ಪ್ರಮೀಳಾ, ಕಾರ್ಕಳ. ಕೆಂಪಕ್ಷರ ಇರಲಿಲ್ಲ.

ಅವರು ನಗಲಿಲ್ಲ. ಮೌಸ್ ಹಿಡಿದು ಕೆಳಗೆ ಸರಿಸುತ್ತಾ ಹೋದರು. ನಲವತ್ತು ಬರಹಗಳೂ ಹಾಗೆಯೇ ಇದ್ದವು. ಹತ್ತು ನಿಮಿಷದಲ್ಲಿ ನಲವತ್ತೊಂದನೆಯದು ಬಂತು: ಅಂಪೈರ್ ಕೂಡ ಅವರ ಊರಿನವನೇ ಇರಬೇಕು.

"ನಾಳೆ ಬ್ಯಾಚಿನವರು ಯಾವುದನ್ನು ನಂಬುತ್ತಾರೆ ಸಾರ್? ನಿಮ್ಮ ಒಂದನ್ನಾ, ಈ ನಲವತ್ತೊಂದನ್ನಾ?"

ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ಪುನಃ ಕಾರ್ಕಳಕ್ಕೆ ಹೋದೆ. ಮಾಲೀಕರ ಅನುಮತಿ ಕೇಳಿ ಒಂಬತ್ತಕ್ಕೆ ಸರಿಯಾಗಿ ಬ್ಯಾಚಿನ ಎದುರು ನಿಂತೆ. ಹದಿನಾಲ್ಕು ಮಂದಿ. ಪ್ರಮೀಳಾ ಬಾಗಿಲ ಹತ್ತಿರ, ಒಳಗೂ ಅಲ್ಲ, ಹೊರಗೂ ಅಲ್ಲ. ನಾನು ಯಾರು, ಏನು ಬರೆದೆ, ನಿನ್ನೆ ಇಲ್ಲಿಗೆ ಬಂದು ಏನು ಕೇಳಿದೆ, ನಿಮ್ಮ ಟೀಚರ್ ಮೋಸ ಮಾಡಿಲ್ಲ ಎಂದು ಹೇಗೆ ತಿಳಿಯಿತು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮಾಲೀಕರು ತಲೆಯಾಡಿಸಿದರು. ಪ್ರಮೀಳಾ ಒಳಗೆ ಬಂದು ಚಾಕ್ ತೆಗೆದುಕೊಂಡರು.

"ಪ್ರಶ್ನೆ ಇದ್ದರೆ ಕೇಳಬಹುದು," ಎಂದೆ.

ಎರಡನೆಯ ಸಾಲಿನ ಒಬ್ಬಳು ಎದ್ದು ನಿಂತಳು. "ಅವರು ಮೋಸ ಮಾಡಿಲ್ಲ ಅಂತ ತಿಳಿಯಲು ನೀವು ಕಾರ್ಕಳದವರೆಗೆ ಬರಬೇಕಾಯಿತು ಸಾರ್. ಮಾಡಿದ್ದಾರೆ ಅಂತ ಮಣಿಪಾಲದಲ್ಲಿ ಕೂತಲ್ಲೇ ಹೇಗೆ ತಿಳಿಯಿತು?"